ಚೆಲುವಾಂಬನ ಗೋಥಿಕ್ ಉಪನ್ಯಾಸ

ನನ್ನ ಹೆಂಡತಿ ಚೆಲುವಾಂಬನಿಗೆ ನಿಜವಾದ ಸಿಟ್ಟು ಬರುವುದು ಒಂದೇ ಒಂದು ಪ್ರಶ್ನೆಗೆ. ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂದರೆ ನಗುತ್ತಾಳೆ. ಹೊಸ ಸೀರೆಯ ಬಣ್ಣ ಚೆನ್ನಾಗಿಲ್ಲ ಅಂದರೂ ತಡೆದುಕೊಳ್ಳುತ್ತಾಳೆ. "ಅಲ್ಲ ಮೇಡಂ, ಪಕ್ಕದಲ್ಲೇ ಬೇಲೂರು ಹಳೇಬೀಡು ಇಟ್ಕೊಂಡು ನಿಮಗೆ ಆ ಫ್ರಾನ್ಸಿನ ಚರ್ಚುಗಳ ಹುಚ್ಚು ಯಾಕೆ?" ಎಂದು ಯಾರಾದರೂ ಕೇಳಿದರೆ ಮಾತ್ರ ಮೂಗಿನ ತುದಿ ಕೆಂಪಾಗುತ್ತದೆ. ಕೇಳದವರೇ ಇಲ್ಲವಲ್ಲ! ಅರಸೀಕೆರೆಯಲ್ಲಿ ಸೊಪ್ಪು ಮಾರುವವಳಿಂದ ಹಿಡಿದು ನಮ್ಮ ಬೀಗರವರೆಗೆ ಎಲ್ಲರೂ ಕೇಳಿದ್ದಾರೆ. ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗಿದ್ದಾರೆ. ಅವಳ ಸಿಟ್ಟಿಗೆ ಕಾರಣ ಅದು.

ಅವಳು ಹುಟ್ಟಿದ್ದು ಬೇಲೂರಿನಲ್ಲಿ, ದೇವಸ್ಥಾನದ ಸೇವೆಯವರ ಮನೆಯಲ್ಲಿ. ಕೆಲಸ ಮಾಡಿದ್ದು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ, ಸಮಾಜ ವಿಜ್ಞಾನದ ಟೀಚರಾಗಿ. ನಾನು ಸುಂದರರಾಜ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಕಲ್ಲಿಗೂ ನನಗೂ ಇರುವ ಸಂಬಂಧ ಎಂದರೆ ಮೂತ್ರಪಿಂಡದ್ದು, ಅದೂ ಆಪರೇಷನ್ ಆಗಿ ಮುಗಿದಿದೆ.

ಮಧ್ಯಯುಗದ ಯುರೋಪಿನ ಪಾಠದಲ್ಲಿ ಗೋಥಿಕ್ ಎಂಬ ಚರ್ಚು ಕಟ್ಟುವ ಶೈಲಿಗೆ ಒಂದು ಸಾಲು ಇರುತ್ತಿತ್ತಂತೆ. ಮಕ್ಕಳು ಅದನ್ನು ಬಿಟ್ಟ ಸ್ಥಳ ತುಂಬುವುದಕ್ಕೆ ಬಾಯಿಪಾಠ ಮಾಡಿದರೆ ಸಾಕಿತ್ತು. ಇವಳು ಆ ಒಂದು ಸಾಲಿಗೆ ಇಡೀ ಪೀರಿಯಡ್ ಹಾಕುತ್ತಿದ್ದಳು. ಕಪ್ಪು ಹಲಗೆಯ ತುಂಬ ಬಣ್ಣದ ಸೀಮೆಸುಣ್ಣದಲ್ಲಿ ಫ್ರಾನ್ಸಿನ ಶಾರ್ತ್ರ್ ಊರಿನ ಕೆಥೆಡ್ರಲ್ ಎಂಬ ದೊಡ್ಡ ಚರ್ಚಿನ ದುಂಡು ಕಿಟಕಿ ಬರೆಯುತ್ತಿದ್ದಳು. ಅದು ಮುಗಿಯುವ ಹೊತ್ತಿಗೆ ಗಂಟೆ ಹೊಡೆದು ಗಣಿತದ ಮೇಷ್ಟ್ರು ಬಂದು ಒರೆಸುತ್ತಿದ್ದರು. ಹೆಡ್ ಮಾಸ್ಟರು ಕರೆದು, "ಮೇಡಂ, ಪೋರ್ಷನ್ ಮುಗಿಸಿ, ಚರ್ಚು ಆಮೇಲೆ ಕಟ್ಟೋರಂತೆ" ಎಂದು ವರ್ಷವರ್ಷವೂ ಹೇಳುತ್ತಿದ್ದರು.

ದೇಶ ಬಿಟ್ಟು ಹೋದವಳಲ್ಲ. ದೂರ ಎಂದರೆ ಕನ್ಯಾಕುಮಾರಿ ನೋಡಿದ್ದಾಳೆ. ನನ್ನ ಅಣ್ಣನ ಮಗ ಯುರೋಪ್ ಟೂರಿಗೆ ಹೊರಟಾಗ ಒಂದೇ ಒಂದು ಕೇಳಿದ್ದಳು: ಜರ್ಮನಿಯ ಕಲೋನಿನ ಕೆಥೆಡ್ರಲ್ಲಿನ ಹಿಂಭಾಗದ ಫೋಟೋ. ಅವನು ಫೋಟೋಗಳನ್ನು ತಂದ. ಎಲ್ಲದರಲ್ಲೂ ಮುಂದುಗಡೆ ಕಪ್ಪು ಕನ್ನಡಕ ಹಾಕಿಕೊಂಡು ಅವನೇ ನಿಂತಿದ್ದ, ಹಿಂದೆ ಗೋಪುರದ ಅರ್ಧ ತುಂಡು. "ನಿನ್ನ ಮುಖ ನೋಡಕ್ಕೆ ಜರ್ಮನಿಗೆ ಯಾಕಪ್ಪ ಹೋಗ್ಬೇಕಿತ್ತು, ಇಲ್ಲೇ ನೋಡ್ತಿದ್ನಲ್ಲ" ಎಂದು ಎದ್ದು ಒಳಗೆ ಹೋದಳು. ಪ್ಯಾರಿಸಿನ ನೋತ್ರದಾಮ್ ಚರ್ಚಿಗೆ ಬೆಂಕಿ ಬಿದ್ದಾಗ ಟಿವಿ ಮುಂದೆ ಕೂತು ಅತ್ತಳು. ಪಕ್ಕದ ಮನೆಯ ರುಕ್ಮಿಣಮ್ಮ ಓಡಿ ಬಂದು, "ಯಾರು ಹೋದ್ರು?" ಎಂದು ನನ್ನನ್ನು ಕೇಳಿದರು. ನಾನು ಟಿವಿ ತೋರಿಸಿದೆ. ಐದು ವರ್ಷ ಕಳೆದು ಅದನ್ನು ಮತ್ತೆ ತೆರೆದ ದಿನ ಕೇಸರಿಬಾತು ಮಾಡಿ ಅದೇ ರುಕ್ಮಿಣಮ್ಮನಿಗೂ ಕೊಟ್ಟಳು. ಯಾಕೆ ಅಂತ ಅವರು ಕೇಳಲಿಲ್ಲ, ಪುಣ್ಯ.

ಇಂಥವಳಿಗೆ ಹೋದ ವರ್ಷ ಅವಳ ಹಳೇ ಶಿಷ್ಯ ಶರತ್ಚಂದ್ರ ಬಂದು ಆಸೆ ಹುಟ್ಟಿಸಿದ. ಅವನು ಊರಿನ ಒಂದು ವಿಚಾರ ವೇದಿಕೆಗೆ ಕಾರ್ಯದರ್ಶಿ. "ಮೇಡಂ, ಈ ಸಲದ ಉಪನ್ಯಾಸ ನಿಮ್ದೇ. ವಿಷಯ ನಿಮ್ಮಿಷ್ಟ" ಎಂದ.

"ಗೋಥಿಕ್ ಕೆಥೆಡ್ರಲ್ ಬಗ್ಗೆ ಮಾತಾಡ್ತೀನಿ. ನಲವತ್ತು ನಿಮಿಷ ಕೊಡ್ತೀಯೇನೋ?"

"ಒಂದು ಗಂಟೆ ತಗೊಳಿ ಮೇಡಂ. ನಿಮಗಿಲ್ದಿರೋ ಟೈಮಾ?"

ಅವನು ಹೋದ ಮೇಲೆ ನನಗೆ ಹೇಳಿದಳು: "ಊರಿಗೆ ಊರೇ ಕೇಳ್ತಾರಲ್ಲ ಯಾಕೆ ಯಾಕೆ ಅಂತ, ಅವತ್ತು ಎಲ್ರಿಗೂ ಒಂದೇ ಸಲ ಉತ್ತರ ಹೇಳ್ಬಿಡ್ತೀನಿ." ಅಂದಿನಿಂದ ಮಧ್ಯಾಹ್ನ ಹೊತ್ತು ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಮಾತಾಡಿಕೊಳ್ಳುತ್ತಿದ್ದಳು. ನಾನು ಬಾಗಿಲಿಗೆ ಕಿವಿ ಕೊಟ್ಟರೆ, "ನೀವೂ ಅಲ್ಲೇ ಬಂದು ಕೇಳಿ, ಎಲ್ಲರ ಜೊತೆ" ಎಂದು ಒಳಗಿನಿಂದಲೇ ಗದರುತ್ತಿದ್ದಳು. ನನಗೂ ಆ ದಿನ ಬೇಗ ಬರಲಿ ಅನ್ನಿಸತೊಡಗಿತು. ಗೋಥಿಕ್ಕಿನ ಮೇಲಿನ ಪ್ರೀತಿಯಿಂದಲ್ಲ. ಬದುಕಿನಲ್ಲಿ ಒಂದು ಸಲ ಇವಳ ಮಾತನ್ನು ಯಾರಾದರೂ ಕೊನೆಯವರೆಗೆ ಕೇಳಲಿ ಎಂದು.

ಸಭೆ ಭಾನುವಾರ ಬೆಳಿಗ್ಗೆ ಒಂದು ಸಮುದಾಯ ಭವನದಲ್ಲಿ. ಆಹ್ವಾನ ಪತ್ರಿಕೆಯಲ್ಲಿ ಹತ್ತು ಗಂಟೆ ಅಂತಿತ್ತು. ಅಧ್ಯಕ್ಷತೆ ವಹಿಸಬೇಕಾದ ಮರುಳಪ್ಪನವರು ಬಂದಾಗ ಹನ್ನೊಂದು ಕಳೆದಿತ್ತು. ಮರುಳಪ್ಪನವರದು ತೆಂಗಿನಕಾಯಿ ಮಂಡಿ. ಒಳ್ಳೆಯ ಮನುಷ್ಯರು, ಯಾವ ಸಭೆಗೆ ಕರೆದರೂ ಬರುತ್ತಾರೆ, ಊಟದ ಖರ್ಚೂ ಕೊಡುತ್ತಾರೆ. ಮುಖ್ಯ ಅತಿಥಿ ಇಂದ್ರೇಶ್, ಕಟ್ಟಡದ ಕಂಟ್ರಾಕ್ಟರು. ಕಟ್ಟಡದ ವಿಷಯ ಅಲ್ಲವೇ, ಅದಕ್ಕೆ ಕರೆದೆವು ಎಂದು ಶರತ್ಚಂದ್ರ ಹೆಮ್ಮೆಯಿಂದ ಹೇಳಿದ.

ನಮ್ಮ ಕಡೆಯ ಸಭೆಗಳಲ್ಲಿ ಕೂತು ಗೊತ್ತಿರುವವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಪ್ರಾರ್ಥನೆ ಆಯಿತು. ನಾಡಗೀತೆ ಪೂರ್ತಿ ಆಯಿತು. ದೀಪ ಹಚ್ಚಿದರು, ಫ್ಯಾನಿನ ಗಾಳಿಗೆ ಆರಿತು, ಫ್ಯಾನ್ ಆರಿಸಿ ಮತ್ತೆ ಹಚ್ಚಿದರು. ಸ್ವಾಗತ ಭಾಷಣ, ಆಮೇಲೆ ಪ್ರಾಸ್ತಾವಿಕ ನುಡಿ, ಒಬ್ಬೊಬ್ಬರಿಗೂ ಹಾರ, ಹಾರ ಹಾಕಿದ್ದರ ಫೋಟೋ. ಇಂದ್ರೇಶ್ "ನಾನು ಹೆಚ್ಚು ಮಾತಾಡಲ್ಲ" ಎಂದು ಶುರುಮಾಡಿ, ಸಿಮೆಂಟಿಗೆ ಕಲಬೆರಕೆ ಮಾಡುವವರ ಮೇಲೆ ಹರಿಹಾಯ್ದು, ತಾವು ಕಟ್ಟಿಸಿದ ಕಲ್ಯಾಣ ಮಂಟಪಗಳ ಹೆಸರನ್ನೆಲ್ಲ ಹೇಳಿ, ಕೂತರು. ಚೆಲುವಾಂಬ ತುಟಿ ಕಚ್ಚಿಕೊಂಡು ಗಡಿಯಾರ ನೋಡುತ್ತಿದ್ದಳು. ನಾನು ಮುಂದಿನ ಸಾಲಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ಆಮೇಲೆ ಸನ್ಮಾನ. ಉಪನ್ಯಾಸಕಿಗೇ! ಇನ್ನೂ ಬಾಯಿ ಬಿಡದವಳಿಗೆ ಪೇಟ, ಶಾಲು, ಫಲಕ, ಹಣ್ಣು ತೆಂಗಿನಕಾಯಿ ತುಂಬಿದ ದೊಡ್ಡ ಬುಟ್ಟಿ. ಅವಳೊಬ್ಬಳಿಗೇ ಅಲ್ಲ, ವೇದಿಕೆಯ ಮೇಲಿದ್ದವರಿಗೆಲ್ಲ ಪೇಟ ತೊಡಿಸಿದರು.

"ಇದೆಲ್ಲ ಆಮೇಲೆ ಇಟ್ಕೊಳೋ ಶರತ್, ಮೊದ್ಲು ನಾನು ಮಾತಾಡ್ತೀನಿ" ಎಂದು ಅವಳು ಪಿಸುಗುಟ್ಟಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಆಮೇಲೆ ಜನ ಇರಲ್ಲ ಮೇಡಂ" ಎಂದು ಅವನು ಹೇಳಿದ್ದೂ ಕೇಳಿಸಿತು.

ಅಧ್ಯಕ್ಷರ ಭಾಷಣ ಕೊನೆಗೆ ಇರಬೇಕು. ಆದರೆ ಮರುಳಪ್ಪನವರಿಗೆ ಮಾಲೇಕಲ್ಲು ತಿರುಪತಿ ಬೆಟ್ಟದಲ್ಲಿ ಯಾರದೋ ಹರಕೆಯ ಊಟ ಇತ್ತಂತೆ. ಅವರು ಮೊದಲೇ ಎದ್ದು ಮೈಕು ಹಿಡಿದರು. "ನೋಡ್ರಪ್ಪಾ, ನಮ್ಮ ಹಳೇಬೀಡಿನ ಮುಂದೆ ಪ್ರಪಂಚ್ದಾಗೆ ಇನ್ನೊಂದು ಐತಾ? ಇಲ್ಲ. ಮೇಡಮ್ಮೋರೂ ಈಗ ಅದ್ನೇ ಹೇಳ್ತಾರೆ. ಕೇಳ್ಕಂಡು ಹೋಗಿ" ಎಂದು ತೀರ್ಪು ಕೊಟ್ಟು, ಕಾರು ಬರುವವರೆಗೆ ಎಂದು ಮತ್ತೆ ಕೂತರು. ಚೆಲುವಾಂಬನ ಮೂಗು ಕೆಂಪಾಗಿ ಪೇಟದ ಬಣ್ಣಕ್ಕೆ ಬಂದಿತ್ತು.

ಅಷ್ಟರಲ್ಲಿ ಹಿಂದಿನ ಕೋಣೆಯಿಂದ ಹೋಳಿಗೆಯ ವಾಸನೆ ಬಂತು. ಹಿಂದಿನ ಸಾಲುಗಳು ಸದ್ದಿಲ್ಲದೆ ಖಾಲಿಯಾದವು. ಶರತ್ಚಂದ್ರ ಬಂದು ಅವಳ ಕಿವಿಯಲ್ಲಿ, "ಮೇಡಂ, ಐದೇ ನಿಮಿಷದಲ್ಲಿ ಮುಗಿಸ್ಬಿಡಿ, ಹಾಲ್ ಬಿಡ್ಬೇಕು, ನಿಶ್ಚಿತಾರ್ಥದೋರು ಬಂದಿದ್ದಾರೆ" ಎಂದ. ಪ್ರೊಜೆಕ್ಟರ್ ಹಾಕಿದರು. ಚಿತ್ರ ಕಾಣಲಿಲ್ಲ. ಮಧ್ಯಾಹ್ನದ ಬಿಸಿಲು ಕಿಟಕಿಗಳಿಂದ ನೇರ ಗೋಡೆಗೆ ಬೀಳುತ್ತಿತ್ತು, ಕಿಟಕಿಗೆ ಪರದೆ ಇರಲಿಲ್ಲ. ತಿಂಗಳುಗಟ್ಟಲೆ ಸೇರಿಸಿದ ಚಿತ್ರಗಳು ಗೋಡೆಯ ಮೇಲೆ ಕೊಳೆಯ ಹಾಗೆ ಕಂಡವು. ನನಗೆ ಎದ್ದು ಕುರ್ಚಿ ಎಸೆಯೋಣ ಅನ್ನಿಸಿತು.

ಚೆಲುವಾಂಬ ಆ ಗೋಡೆಗೆ ಬೆನ್ನು ತಿರುಗಿಸಿದಳು. ಆಮೇಲೆ ಕ್ಲಾಸಿನ ದನಿಯಲ್ಲಿ, "ಮರುಳಪ್ಪನೋರೇ, ಇಂದ್ರೇಶ್ ಅವರೇ, ಎದ್ದು ಇಲ್ಲಿ ಬನ್ನಿ" ಎಂದಳು.

ಆ ದನಿಗೆ ಎದ್ದು ನಿಲ್ಲದವರಿಲ್ಲ. ಇಬ್ಬರೂ ಬಂದರು. ಎದುರುಬದುರು ನಿಲ್ಲಿಸಿ, ತೋಳುಗಳನ್ನು ಮೇಲೆತ್ತಿಸಿ, ಅಂಗೈಗೆ ಅಂಗೈ ಸೇರಿಸಿದಳು. ಪೇಟ ಶಾಲುಗಳಲ್ಲಿ ಇಬ್ಬರು ದೊಡ್ಡ ಮನುಷ್ಯರು ಚೂಪು ಕಮಾನಾದರು. ಹೊರಟವರು ಬಾಗಿಲಲ್ಲೇ ನಿಂತು ತಿರುಗಿ ನೋಡಿದರು.

"ನಮ್ಮ ಬೇಲೂರಲ್ಲಿ ಕಂಬದ ಮೇಲೆ ತೊಲೆ ಮಲಗಿಸಿದ್ದಾರೆ. ಭಾರ ನೇರವಾಗಿ ಕೆಳಗೆ ಇಳಿಯುತ್ತೆ. ಅಲ್ಲಿ ಹಾಗಲ್ಲ, ಹೀಗೆ ಕಮಾನು. ಈಗ ಮೇಲೆ ಚಾವಣಿ ಬರುತ್ತೆ" ಎನ್ನುತ್ತ, ಸನ್ಮಾನದ ಬುಟ್ಟಿಯನ್ನು ಎತ್ತಿ ಅದರ ಹಿಡಿಯನ್ನು ಅವರ ಜೋಡಿಸಿದ ಕೈಗಳಿಗೆ ನೇತುಹಾಕಿದಳು. ಬುಟ್ಟಿಯಲ್ಲಿದ್ದವು ಮರುಳಪ್ಪನವರ ಮಂಡಿಯ ಕಾಯಿಗಳೇ, ಸಣ್ಣವಲ್ಲ.

"ಅಯ್ಯೋ, ಹಿಂದಕ್ಕೆ ತಳ್ತೈತೆ ಕಣಮ್ಮೋ!" ಎಂದು ಮರುಳಪ್ಪನವರು ಕೂಗಿದರು.

"ಅದೇ! ಅದೇ ನೋಡಿ! ಭಾರ ಕೆಳಕ್ಕೆ ಮಾತ್ರ ಹೋಗಲ್ಲ, ಹೊರಕ್ಕೂ ತಳ್ಳುತ್ತೆ. ತಡೆಯೋಕೆ ದಪ್ಪ ಗೋಡೆ ಬೇಕು. ದಪ್ಪ ಗೋಡೆ ಇಟ್ರೆ ದೊಡ್ಡ ಕಿಟಕಿ ಇಡಕ್ಕಾಗಲ್ಲ, ಒಳಗೆ ಕತ್ತಲು. ಆಗ ಅವರೇನು ಮಾಡಿದ್ರು? ರೀ, ನೀವು ಬನ್ನಿ. ಶರತ್, ನೀನೂ ಬಾ."

ನಾನು ಹೋದೆ. ಇಂದ್ರೇಶರ ಹಿಂದೆ ಒಂದು ಹೆಜ್ಜೆ ದೂರದಲ್ಲಿ ನನ್ನನ್ನು ನಿಲ್ಲಿಸಿ, ಎರಡು ತೋಳು ಚಾಚಿಸಿ ಅಂಗೈಯನ್ನು ಅವರ ಬೆನ್ನಿಗೆ ಕೊಡಿಸಿದಳು. ಆ ಕಡೆ ಮರುಳಪ್ಪನವರಿಗೆ ಶರತ್ಚಂದ್ರ. ಓಲಾಡುತ್ತಿದ್ದ ಕಮಾನು ಗಟ್ಟಿಯಾಗಿ ನಿಂತಿತು. ಊಟದ ಕಡೆ ಹೋದವರು ಎಲೆ ಬಿಟ್ಟು ಬಂದು ಮೊಬೈಲು ಹಿಡಿದರು.

"ಹೊರಗಿಂದ ಕಲ್ಲಿನ ತೋಳು ಕೊಟ್ರು. ಅಮಿಯಾನಲ್ಲಿ, ರ‍್ಯಾಂಸ್‌ನಲ್ಲಿ, ಕಲೋನಿನಲ್ಲಿ, ಎಲ್ಲಾ ಕಡೆ ಇದೇ. ಬೋವೇ ಅನ್ನೋ ಊರಲ್ಲಿ ಆಸೆ ಜಾಸ್ತಿಯಾಗಿ ಎತ್ತರ ಹೋಗಿ ಚಾವಣಿ ಬಿದ್ದೂ ಹೋಯ್ತು, ಮತ್ತೆ ಕಟ್ಟಿದ್ರು. ಯಾಕೆ ಅಷ್ಟು ಒದ್ದಾಡಿದ್ರು?"

"ಮೇಡಮ್ಮೋರೇ, ಇನ್ನೆಷ್ಟೊತ್ತು? ಕಾರು ಕಾಯ್ತಾ ಐತೆ" ಎಂದರು ಮರುಳಪ್ಪ.

"ಅವು ಎಂಟುನೂರು ವರ್ಷದಿಂದ ನಿಂತಿವೆ, ನೀವು ಇನ್ನು ಸ್ವಲ್ಪ ಹೊತ್ತು ನಿಲ್ಲಿ. ಕೈ ಬಿಟ್ರೆ ಕಾಯಿ ಕಾಲ ಮೇಲೆ ಬೀಳುತ್ತೆ." ಸಭೆ ಗೊಳ್ಳೆಂದಿತು. ಅವಳು ನಗಲಿಲ್ಲ. "ಈಗ ಇವರಿಬ್ಬರ ಮಧ್ಯೆ ಗೋಡೆಯೇ ಬೇಡ. ಆ ಖಾಲಿ ಜಾಗಕ್ಕೆ ಏನು ಹಾಕಿದ್ರು ಗೊತ್ತಾ? ಗಾಜು, ಬಣ್ಣದ…"

ಮೈಕು ಸತ್ತಿತು. ನಿಶ್ಚಿತಾರ್ಥದ ಅಲಂಕಾರದವರು ತಮ್ಮ ಸೀರಿಯಲ್ ದೀಪಕ್ಕೆಂದು ಪ್ಲಗ್ ಕಿತ್ತಿದ್ದರು. ಅದೇ ನೆಪವಾಗಿ ಬುಟ್ಟಿ ಕೆಳಗಿಳಿದು ಕಮಾನು ಕಳಚಿತು, ಮರುಳಪ್ಪನವರು ಭುಜ ತಿಕ್ಕುತ್ತ ಕಾರಿನ ಕಡೆ ನಡೆದರು. ಚೆಲುವಾಂಬನ ಬಾಯಿ ಆಡುತ್ತಲೇ ಇತ್ತು, ಕುರ್ಚಿ ಎಳೆಯುವ ಸದ್ದಿನಲ್ಲಿ ಏನೂ ಕೇಳಲಿಲ್ಲ. ಶರತ್ಚಂದ್ರ ಅದರ ನಡುವೆಯೇ ಕೂಗಿ ವಂದನಾರ್ಪಣೆ ಮುಗಿಸಿದ: "ಮೇಡಂ ನಮಗೆಲ್ಲ ಒಳ್ಳೆ ವ್ಯಾಯಾಮ ಮಾಡಿಸಿದ್ರು. ಗೋಥಿಕ್ ವಿಷಯಾನ ಟೈಮ್ ಇದ್ರೆ ಮುಂದಿನ ವರ್ಷ ಕೇಳೋಣ. ಊಟ ಮಾಡ್ಕೊಂಡೇ ಹೋಗ್ಬೇಕು."

ನಾವು ಊಟ ಮಾಡದೆ ಮನೆಗೆ ಬಂದೆವು. ಅವಳು ಬುಟ್ಟಿಯನ್ನು ಹಜಾರದಲ್ಲಿ ದೊಪ್ಪೆಂದು ಇಟ್ಟು, ಶಾಲನ್ನು ಕುರ್ಚಿಯ ಮೇಲೆ ಎಸೆದು, ನೆಲದ ಮೇಲೇ ಕೂತಳು.

"ಒಬ್ರಿಗೂ ಹೇಳಕ್ಕಾಗಲಿಲ್ಲ ಕಣ್ರೀ. ಒಬ್ರಿಗೂ."

ನನಗೆ ಆದದ್ದನ್ನು ಹೇಳಿದೆ: "ಚೆಲುವಾ, ಆ ಇಂದ್ರೇಶ್ ಭಾರ ನನ್ನ ಅಂಗೈಗೆ ಬಂತು ಕಣೇ. ಅಲ್ಲಿ ನಿಲ್ಲಲಿಲ್ಲ. ಮೊಣಕೈ, ಬೆನ್ನು, ಎಲ್ಲಾ ಇಳಿದು ಹಿಮ್ಮಡಿಗೆ ಹೋಯ್ತು. ನಾನೇನೂ ತಳ್ಳಲಿಲ್ಲ. ಸುಮ್ನೆ ನಿಂತಿದ್ದೆ, ಅಷ್ಟೇ. ಈಗ್ಲೂ ತೋಳು ನೋಯ್ತಿದೆ."

ಅವಳು ತಲೆ ಎತ್ತಿ ನೋಡಿದಳು. "ತೋಳು ನೋಯ್ತಿದೆಯಾ?" ಎಂದಳು. ಆಮೇಲೆ, "ಕೂತ್ಕೊಳಿ. ಮೊದಲಿಂದ ಹೇಳ್ತೀನಿ."

ಕೂತೆ. ಅವಳು ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದ ಉಪನ್ಯಾಸ ಹೀಗೆ ಶುರುವಾಯಿತು:

"ನಮ್ಮಪ್ಪ ಬೇಲೂರಿನ ದೇವಸ್ಥಾನದಲ್ಲಿ ಕನ್ನಡಿ ಹಿಡೀತಿದ್ರು. ಒಳಗೆ ಕತ್ತಲು, ಚಾವಣಿಯ ಕೆತ್ತನೆ ಕಾಣ್ತಿರಲಿಲ್ಲ. ದೊಡ್ಡ ಮನುಷ್ಯರು ಬಂದಾಗ ಅಪ್ಪ ಅಂಗಳದ ಬಿಸಿಲಲ್ಲಿ ನಿಂತು, ಬೀರುವಿನ ಬಾಗಿಲಷ್ಟು ದೊಡ್ಡ ಕನ್ನಡಿ ಎತ್ತಿ ಹಿಡಿದು ಬೆಳಕನ್ನ ಒಳಗೆ ಕಳಿಸ್ತಿದ್ರು. ಒಳಗಿದ್ದೋರು ಮೇಲೆ ನೋಡಿ ಆಹಾ ಅಂತಿದ್ರು. ಬೆಳಕು ಎಲ್ಲಿಂದ ಬರ್ತಿದೆ ಅಂತ ಯಾರೂ ತಿರುಗಿ ನೋಡ್ತಿರಲಿಲ್ಲ. ಕೈ ಅಲುಗಿದ್ರೆ ಮಾತ್ರ, 'ಏಯ್, ಸರಿಯಾಗಿ ಹಿಡಿಯೋ' ಅಂತ ಬೈತಿದ್ರು. ಸಂಜೆ ಅಮ್ಮ ಅವರ ತೋಳಿಗೆ ಎಣ್ಣೆ ತಿಕ್ಕೋಳು. ಆಗ ಸ್ಕೂಲಲ್ಲಿ ಒಂದು ಚಿತ್ರ ನೋಡಿದೆ. ಕಲ್ಲಿನ ದೇವಸ್ಥಾನವೇ, ಆದ್ರೆ ಗೋಡೆ ಇರೋ ಕಡೆಯೆಲ್ಲ ಬೆಳಕು. ಹೊರಗಡೆ ಕಲ್ಲೇ ತೋಳು ಚಾಚಿಕೊಂಡು ನಿಂತಿದೆ, ಮನುಷ್ಯರು ಯಾರೂ ನಿಂತಿಲ್ಲ. ಅಪ್ಪ ಆ ಊರಲ್ಲಿ ಹುಟ್ಟಿದ್ರೆ ಕೈ ನೋಯ್ತಿರಲಿಲ್ಲ ಅನ್ನಿಸ್ತು."

ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಇದು ಗೊತ್ತಿರಲಿಲ್ಲ. ಕಣ್ಣೊರೆಸಿಕೊಂಡು ಮುಂದೆ ಹೇಳು ಎಂದೆ. ಇದು ಬರೀ ಮೊದಲ ಪ್ಯಾರಾ. ಇದನ್ನು ಕೇಳಬೇಕಾಗಿದ್ದ ಊರು ಆ ಹೊತ್ತಿಗೆ ಹೋಳಿಗೆ ಉಂಡು ಮಲಗಿತ್ತು.