ಥಂಡಿ ಹತ್ತಿದವಳಿಗೆ ಗುಳಿಗೆ ತಂದೆ

ಜನವರಿಯ ಒಂದು ಬೆಳಿಗ್ಗೆ, ಆಫೀಸಿಗೆ ಹೊರಟಿದ್ದ ಹೆಂಡತಿ ದಾರಿಯಿಂದಲೇ ಫೋನ್ ಮಾಡಿದಳು. ಭಾಳ ಥಂಡಿ ಹತ್ತೇದ್ರಿ ಅಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಮೆಡಿಕಲ್ ಸ್ಟೋರಿಗೆ ಓಡಿದೆ.

ನನ್ನ ತಪ್ಪೇನು ಹೇಳಿ? ನಾನು ಮೈಸೂರಿನವನು. ನಮ್ಮ ಕಡೆ ಥಂಡಿಯಾಗಿದೆ ಅಂದರೆ ಮೂಗು ಸೋರುತ್ತಿದೆ ಎಂದರ್ಥ. ನನ್ನ ಹೆಂಡತಿ ಸುನಂದಾ ವಿಜಯಪುರದವಳು. ಅವರ ಕಡೆ ಥಂಡಿ ಅಂದರೆ ಬರೀ ಚಳಿ. ಸಂಜೆ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಬಂದವಳು ಮೇಜಿನ ಮೇಲಿನ ಗುಳಿಗೆ, ಮುಲಾಮು, ಒಲೆ ಮೇಲೆ ಕುದಿಯುತ್ತಿದ್ದ ಕಷಾಯ ಎಲ್ಲ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಂಗ ಗುಳಿಗಿ ಬ್ಯಾಡ್ರಿ. ಹಳೇ ಪೇಪರ್ ಇದ್ರ ಕೊಡ್ರಿ."

ಅವಳ ಆಫೀಸು ಠಾಣೆಯಿಂದ ಬೇಲಾಪುರಕ್ಕೆ ಹೋದದ್ದು ದೀಪಾವಳಿ ಹೊತ್ತಿಗೆ. ಅಷ್ಟು ದೂರ ಲೋಕಲ್ ರೈಲಿನ ಗರ್ದಿಯಲ್ಲಿ ಅವಳಿಗೆ ಉಸಿರು ಕಟ್ಟುತ್ತದೆ. ಒಮ್ಮೆ ದಿವಾ ಸ್ಟೇಷನ್ನಿನಲ್ಲಿ ಯಾರೋ ಕೈಹಿಡಿದು ಇಳಿಸಿ, ನೀರು ಕುಡಿಸಿ ಕೂರಿಸಿದ್ದರು. ಇನ್ನು ಎರಡೇ ದಾರಿ. ಕೆಲಸ ಬಿಡಬೇಕು, ಇಲ್ಲವೇ ಬೈಕು ಹತ್ತಬೇಕು. ಅವಳಿಗೆ ಆ ಕೆಲಸವೆಂದರೆ ಜೀವ. ಬೈಕು ಹತ್ತಿದಳು. (ಸ್ಕೂಟಿಯಲ್ಲ ಸ್ವಾಮಿ, ಗೇರ್ ಹಾಕುವ ಬೈಕು. ಹುಡುಗಿಯಾಗಿದ್ದಾಗಲೇ ಅಪ್ಪ ಕಲಿಸಿದ್ದರಂತೆ.)

ಮೈಸೂರಿನಿಂದ ನಮ್ಮಣ್ಣ ಭವಿಷ್ಯ ನುಡಿದ. ಚಳಿಗಾಲ ಹೇಗೋ ದಾಟಿಯಾಳು, ಬೇಸಿಗೆಗೆ ಬೈಕು ಮಾರಿ ಮನೆಯಲ್ಲಿ ಕೂರುತ್ತಾಳೆ, ನೋಡ್ತಿರು ಅಂದ. ನನಗೂ ಒಳಗೊಳಗೇ ಅದೇ ಭಯವಿತ್ತು.

ಅವಳು ಏನು ಮಾಡಿದಳು ಗೊತ್ತೇ? ಹಳೇ ಪೇಪರನ್ನು ನಾಲ್ಕು ಮಡಿಕೆ ಮಾಡಿ ಸ್ವೆಟರಿನ ಒಳಗೆ, ಎದೆಗೆ ಅಡ್ಡವಾಗಿ ಇಟ್ಟುಕೊಂಡಳು. ಕೈಗೆ ಉಣ್ಣೆಯ ಗ್ಲೌಸು, ಅದರ ಮೇಲೆ ಪ್ಲಾಸ್ಟಿಕ್ ಚೀಲ. ದಾರಿಯಲ್ಲಿ ಶಿಳ್ ಫಾಟಾ ಎಂಬ ಕೂಡುರಸ್ತೆ ದಾಟಿದ ಮೇಲೆ ಬೀಸುವ ಗಾಳಿ ಪೇಪರಿಗೆ ಬಡಿದು ವಾಪಸ್ಸು ಹೋಯಿತು. ಯಾವ ಪುಟ ಇಟ್ಟುಕೊಳ್ಳುತ್ತೀ ಎಂದು ಕೇಳಿದೆ. ನೀವು ವಾರವಾರ ಬರೆಯುವ ಅಂಕಣದ್ದೇ ಅಂದಳು. ಅದನ್ನು ಗಾಳಿಯೂ ದಾಟಲಾರದಂತೆ. ಹೊಗಳಿಕೆಯೋ ತೆಗಳಿಕೆಯೋ ಇನ್ನೂ ಗೊತ್ತಾಗಿಲ್ಲ.

ಮೇ ತಿಂಗಳಲ್ಲಿ ನನಗೂ ಬೇಲಾಪುರದಲ್ಲೊಂದು ಕೆಲಸ ಬಿತ್ತು. ಹಿಂದೆ ಕೂತೆ. ಸೆಕೆ ಅಂತ ಶರ್ಟಿನ ಗುಂಡಿ ಬಿಚ್ಚಿ, ತೋಳು ಮಡಚಿ ರಾಜನ ಹಾಗೆ ಹೊರಟೆ. ಅವಳು ಮಾತ್ರ ತುಂಬುತೋಳಿನ ಹತ್ತಿ ಅಂಗಿ ಹಾಕಿ, ಓಢಣಿಯನ್ನು ನೀರಲ್ಲಿ ಅದ್ದಿ ಹಿಂಡಿ ಕತ್ತಿಗೆ ಸುತ್ತಿಕೊಂಡಿದ್ದಳು. ಅರ್ಧ ದಾರಿಯಲ್ಲಿ, ಮಹಾಪೆಯಲ್ಲಿ ಸುಧಾರಿಸಿಕೊಳ್ಳಲು ಇಳಿದಾಗ ನನ್ನ ಕೈಗಳು ಕೆಂಪಗೆ ಉರಿಯುತ್ತಿದ್ದವು. ಅವಳು ಬಾಟಲಿ ತೆಗೆದು ಓಢಣಿಗೆ ಮತ್ತೆ ನೀರು ಚಿಮುಕಿಸಿಕೊಂಡಳು. ಗಾಳಿ ಆಡಿದಷ್ಟೂ ಕತ್ತು ತಣ್ಣಗಿರುತ್ತದಂತೆ.

"ಬಿಸಿಲಾಗ ಯಾರರ ಮೈ ಬಿಚ್ಚತಾರೇನ್ರಿ?" ಎಂದು ಕೇಳಿದಳು. ವಿಜಯಪುರದ ಬಿಸಿಲು ಕಂಡವರ ಮುಂದೆ ಮೈಸೂರಿನವನು ಏನು ವಾದಿಸುವುದು? ತೋಳು ಇಳಿಸಿಕೊಂಡೆ.

(ಮಳೆಗಾಲದ ಮಾತು ಬಿಡಿ. ಅಲ್ಲಿ ನೆನೆಯುವುದೊಂದೇ ಉಪಾಯ.)

ಹೋದ ವಾರ ಅವಳ ಸಾಹೇಬರು ಕರೆದು, ಬಿಸಿಲಲ್ಲಿ ಇಷ್ಟು ದೂರ ಕಷ್ಟ, ಮನೆ ಹತ್ತಿರ ಯಾವುದಾದರೂ ಸಣ್ಣ ಹುದ್ದೆ ನೋಡೋಣವೇ ಎಂದು ಕರುಣೆ ತೋರಿಸಿದರಂತೆ. ನನ್ನ ಕೆಲಸದಲ್ಲಿ ಏನಾದರೂ ಕೊರತೆಯಾಗಿದೆಯೇ ಎಂದು ಇವಳು ಕೇಳಿದಳಂತೆ. ಇಲ್ಲ ಅಂದರಂತೆ. ಹಾಗಾದರೆ ಇಲ್ಲೇ ಇರ್ತೀನಿ ಎಂದು ಎದ್ದು ಬಂದಳಂತೆ. ಇದನ್ನು ನನಗೆ ಹೇಳುವಾಗ ಅವಳ ಮುಖ ನೀವು ನೋಡಬೇಕಿತ್ತು. ನನ್ನ ಕಣ್ಣು ತುಂಬಿ ಬಂತು.

ಅಣ್ಣನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅದೆಲ್ಲ ಇರಲಿ, ಹೆಂಡತಿ ಹಿಂದೆ ಕೂತುಕೊಂಡು ಹೋಗೋಕೆ ನಿನಗೆ ನಾಚಿಕೆ ಆಗಲ್ವೇನೋ ಅಂದ.

ಎರಡೂ ಕಾಲದ ಗಾಳಿಗೆ ಮೊದಲು ತಾನೇ ಎದೆ ಕೊಡುವವಳ ಬೆನ್ನ ಹಿಂದೆ ಕೂತವನಿಗೆ ಜಂಬ ಬರಬೇಕೋ, ನಾಚಿಕೆಯೋ?