ಮೀನಿಗೆ ನಂದಿಬಟ್ಟಲು

ಅರವತ್ತರ ದಶಕದಲ್ಲಿ ಸಾಗರದ ನಮ್ಮ ಕೇರಿಯಲ್ಲಿ ಯಾರ ಕಣ್ಣು ಕೆಂಪಾದರೂ ಪಕ್ಕದ ಮನೆಯ ಅಜ್ಜಿ ನಂದಿಬಟ್ಟಲು ಹೂವು ಹಿಡಿದು ಬರುತ್ತಿದ್ದರು. ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, "ಕಣ್ಣು ಮಾರಾಯ್ರೆ, ಹುಡುಗಾಟ ಅಲ್ಲ" ಎನ್ನುವರು. ಆಮೇಲೆ ಮುಚ್ಚಿದ ರೆಪ್ಪೆಯ ಮೇಲೆ ಒದ್ದೆ ಹೂವಿಡುವರು.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಮಕ್ಕಳಿಗೆ ತೋರಿಸುವ ಹುಮ್ಮಸ್ಸಿನಲ್ಲಿ ಹೊನ್ನಾವರದಿಂದ ಒಂದು ಕಡಲ ಮೀನನ್ನು, ಸಮುದ್ರದ ನೀರಿನ ಸಮೇತ ಗಾಜಿನ ಭರಣಿಯಲ್ಲಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮನೆ ಮುಟ್ಟುವಾಗ ಅದರ ಒಂದು ಕಣ್ಣು ಊದಿ ಮಂಜಾಗಿತ್ತು.

ಅಜ್ಜಿ ಬಂದರು. ಹಿಡಿಯಲು ಗದ್ದ ಸಿಗದೆ ಭರಣಿಯನ್ನೇ ಬೆಳಕಿಗೆ ತಿರುಗಿಸಿದರು.

"ಕಣ್ಣು ಮಾರಾಯ್ರೆ, ಹುಡುಗಾಟ ಅಲ್ಲ. ಇದು ಕಣ್ಣು ಮುಚ್ಚೋದು ಯಾವಾಗ ಮೇಷ್ಟ್ರೇ?"

"ನಿದ್ದೆ ಬಂದಾಗ" ಎಂದೆ, ಪಾಠ ಹೇಳುವ ಗತ್ತಿನಲ್ಲಿ.

ಇಬ್ಬರೂ ಕಾದು ಕೂತೆವು. ಮೀನಿಗೆ ರೆಪ್ಪೆಯೇ ಇಲ್ಲವೆಂಬುದು ನನಗೆ ನೆನಪಾಗುವಷ್ಟರಲ್ಲಿ, ಅದನ್ನೇ ಎವೆಯಿಕ್ಕದೆ ನೋಡಿ ನನ್ನ ಕಣ್ಣು ಕೆಂಪಾಗಿತ್ತು. ಅಜ್ಜಿ ನನ್ನ ಗದ್ದ ಹಿಡಿದು, ತಂದ ಹೂವನ್ನು ನನ್ನ ಕಣ್ಣಿಗೇ ಇಟ್ಟರು.

ನಾನು ಹೇಳಿಕಳಿಸಿದಂತೆ ಹೊನ್ನಾವರದ ಬಸ್ಸಿನ ಕಂಡಕ್ಟರೊಬ್ಬರು ತಂದುಕೊಟ್ಟ ಸಮುದ್ರದ ಹೊಸ ನೀರು ತುಂಬಿದ ಮೇಲೆ ಮೀನಿನ ಊತ ಇಳಿಯಿತು. ಅಜ್ಜಿ ಕೇರಿಗೆಲ್ಲ ಹೇಳಿಕೊಂಡು ಬಂದದ್ದು ಬೇರೆ:

"ಮೇಷ್ಟ್ರ ಕಣ್ಣಿಗೆ ಹೂ ಇಟ್ಟೆ ಮಾರಾಯ್ರೆ, ಮೀನಿಗೆ ವಾಸಿ ಆಯ್ತು!"