ಬೋರ್ಡಿಗೊಂದು ಮುಖ

ಮದುವೆ ಫೋಟೊ ತೆಗೆಯುವವನ ಮುಖವನ್ನು ಯಾರೂ ನೋಡುವುದಿಲ್ಲ. ಸ್ಟುಡಿಯೊದ ಹೊಸ ಬೋರ್ಡಿಗೆ ನನ್ನದೇ ಫೋಟೊ ಹಾಕಿಸುವ ಆಸೆ ಹುಟ್ಟಿದ್ದು ಅದಕ್ಕೇ. ಯಲ್ಲಾಪುರದ ಒಂದು ಮದುವೆಯಲ್ಲಿ ಮದುಮಗಳು ಸೀರೆ ಬದಲಿಸಲು ಹೋದಾಗ ಬಿಡುವು ಸಿಕ್ಕಿತು. ಪಕ್ಕದ ಕೋಣೆ ಸೇರಿ ಕ್ಯಾಮರಾವನ್ನು ಸ್ಟ್ಯಾಂಡಿಗೆ ಹಾಕಿದೆ. ಫ್ಲ್ಯಾಶನ್ನು ಒಂದು ಬದಿಗೆ ಎತ್ತರದಲ್ಲಿಟ್ಟು ಬಿಳಿ ಪಂಚೆ ಅಡ್ಡ ಕಟ್ಟಿದೆ. ಹಾಗೆ ಮಾಡಿದರೆ ಸುಕ್ಕು ಕಾಣುವುದಿಲ್ಲ, ಎರಡನೇ ಗದ್ದ ನೆರಳಿಗೆ ಹೋಗುತ್ತದೆ. ರಿಮೋಟ್ ಒತ್ತುತ್ತಾ ಇಪ್ಪತ್ತು ಫೋಟೊ ತೆಗೆದುಕೊಂಡೆ. ಕೊನೆಯದರಲ್ಲಂತೂ ನನಗೆ ಹತ್ತು ವರ್ಷ ಇಳಿದಿತ್ತು.

ಹೊರಗೆ ಬಂದರೆ, ಹಾಲ್‌ನಲ್ಲಿ ನಾನು ಆರಿಸಲು ಮರೆತಿದ್ದ ಇನ್ನೊಂದು ಫ್ಲ್ಯಾಶಿನ ಮುಂದೆ ಸಿದ್ದಾಪುರ ಕಡೆಯ ಅಜ್ಜರೊಬ್ಬರು ಶಾಲು ಸರಿಮಾಡಿಕೊಂಡು ನೆಟ್ಟಗೆ ಕೂತಿದ್ದರು. ನಾನು ಒಳಗೆ ರಿಮೋಟ್ ಒತ್ತಿದಾಗಲೆಲ್ಲ ಅದೂ ಅವರೆದುರು ಮಿಂಚಿತ್ತು.

"ಫೋಟೊ ತೆಗದು ಆತಾ ತಮಾ? ಇನ್ನು ಊಟಕ್ಕೆ ಹೋಗ್ಲಕ್ಕ?" ಎಂದರು. "ಗಾಜು ಹೊಳೀತು ಹೇಳಿ ಕನ್ನಡಕ ತೆಗದು ಕೂತಿದ್ದೆ. ಒಂದು ಸಲವೂ ಕಣ್ಣು ಮುಚ್ಚಿದ್ನಿಲ್ಲೆ."

ಅಲ್ಲಿ ಕ್ಯಾಮರಾವೇ ಇರಲಿಲ್ಲ. ನಾನು ಹೋಗಿ ಫ್ಲ್ಯಾಶ್ ಆರಿಸಿದೆ.

"ಈಗೆಲ್ಲ ಎದುರಿಗೆ ತೆಗೆಯಂವ ಇಲ್ಲದ್ರೂ ಫೋಟೊ ಬೀಳ್ತಡ. ತೋರ್ಸು ನೋಡನ" ಎಂದು ನನ್ನ ಕೈಲಿದ್ದ ಕ್ಯಾಮರಾ ತೆಗೆದುಕೊಂಡರು. ಪರದೆಯ ಮೇಲೆ ನನ್ನ ಆ ಕೊನೆಯ ಫೋಟೊ ಇತ್ತು. ಕನ್ನಡಕ ಇನ್ನೂ ಅವರ ಕೈಯಲ್ಲೇ ಇತ್ತು. ಮೂಗಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು. ಮುಖ ಸಣ್ಣದಾಯಿತು.

"ಬೆಳಕು ಚೊಲೋ ಇದ್ದು. ಎನ್ನ ವಯಸ್ಸು ಮಾತ್ರ ಇದ್ದಿದ್ದಕ್ಕಿಂತ ಜಾಸ್ತಿ ಕಾಣ್ತು."

ಬೋರ್ಡಿನಲ್ಲಿ ಈಗ ಹೆಸರು ಮಾತ್ರ ಇದೆ.